ಕಟ್ಟೇಲಿ ಎಷ್ಟೈತೆ?

ಬರೆದು ಡ್ರಾಫ್ಟಿನಲ್ಲೇ ಇಟ್ಟುಕೊಂಡು ವರ್ಷದ ಮೇಲಾಯ್ತು. ಮಾವನನ್ನ ಕೇಳದೆ ಹಾಕೋದು ಹೇಗೆ ಅಂತ ಸುಮ್ಮನಿದ್ದೆ. ಹೋದ ಸಲ ಊರಿಗೆ ಹೋದಾಗ ಜಗಲಿ ಮೇಲೆ ಕೂತು ಕೇಳಿಯೇಬಿಟ್ಟೆ. "ಬರ್ಕೊ ಹೋಗ್ಲಾ, ನಾನೇನು ಕಳ್ತನ ಮಾಡಿದ್ನಾ? ಹೆಸ್ರು ಮಾತ್ರ ಹಾಕ್ಬೇಡ, ನಿಮ್ಮತ್ತೆ ಬೈತಾಳೆ" ಅಂದ. ಹಾಗಾಗಿ ಈ ಕತೇಲಿ ಊರವರ ಹೆಸರು ಯಾವುದೂ ಇಲ್ಲ. ಕಟ್ಟೆಯ ಹೆಸರು ಮಾತ್ರ ಇದೆ.

ಮಾವ ಅಂದ್ರೆ ಅಮ್ಮನ ಕೊನೇ ತಮ್ಮ. ನನಗಿಂತ ಹತ್ತೇ ವರ್ಷ ದೊಡ್ಡವನು, ಈಜು ಕಲಿಸಿದ್ದು, ಮೊದಲ ಸಲ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ದು ಎಲ್ಲಾ ಅವನೇ. ಪಾಂಡವಪುರ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಒಂದೂವರೆ ಎಕರೆ ಗದ್ದೆ ಇದೆ. ಆದ್ರೆ ಊರಲ್ಲಿ ಅವನಿಗೆ ಬೆಲೆ ಇರೋದು ಗದ್ದೆಯಿಂದ ಅಲ್ಲ, ಪಾಕದಿಂದ. ಆಲೆಮನೆಯಲ್ಲಿ ಪಾಕ ನೋಡುವವನು ಅವನು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕುದ್ದು ಯಾವ ಗಳಿಗೆಗೆ ಬೆಲ್ಲವಾಗುತ್ತೆ ಅಂತ ಹೇಳೋಕೆ ಅವನಿಗೆ ಥರ್ಮಾಮೀಟರ್ ಬೇಡ. ನೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉರುಟಿ ನೋಡಿ "ಇಳ್ಸಿ" ಅಂತಾನೆ. ಸ್ವಲ್ಪ ಹಿಂದೆ ಮುಂದೆ ಆದ್ರೂ ಆ ಕೊಪ್ಪರಿಗೆ ಬೆಲ್ಲ ಕೆಟ್ಟಿತು ಅಂತಲೇ ಲೆಕ್ಕ.

ಅವನಿಗೆ ಸ್ಕಿಜೋಫ್ರೇನಿಯಾ ಇದೆ. ಈ ವಾಕ್ಯ ಬರೆಯೋಕೆ ನನಗೆ ಇಷ್ಟು ದಿನ ಬೇಕಾಯ್ತು. ಅವನು ಮಾತ್ರ ಈಗ "ನನ್ಗೆ ಶುಗರ್ ಇಲ್ಲ, ಬಿಪಿ ಇಲ್ಲ, ಇದೊಂದೈತೆ" ಅಂತ ಸಲೀಸಾಗಿ ಹೇಳ್ತಾನೆ.

ಇಪ್ಪತ್ತಾರರ ವಯಸ್ಸಲ್ಲಿ ಮೊದಲ ಸಲ ಬಂದಿತ್ತು. ಹರಕೆ, ತಾಯತ ಎಲ್ಲಾ ಮುಗಿದ ಮೇಲೆ ಡಾಕ್ಟರು, ಮಾತ್ರೆ, ಆಮೇಲೆ ಮದುವೆ, ಮಗಳು. ಎಷ್ಟೋ ವರ್ಷ ಚೆನ್ನಾಗೇ ಇದ್ದ. 2023ರಲ್ಲಿ ಮಳೆ ಕೈಕೊಟ್ಟಿತಲ್ಲ, ಆ ವರ್ಷ ಕನ್ನಂಬಾಡಿ ಕಟ್ಟೆ ತುಂಬಲೇ ಇಲ್ಲ. ಇರೋ ನೀರನ್ನೂ ತಮಿಳುನಾಡಿಗೆ ಬಿಡಿ ಅಂತ ಆದೇಶ, ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್, ಹಿಂದೆಯೇ ಕರ್ನಾಟಕ ಬಂದ್. ಆ ದಿನಗಳಲ್ಲೇ ಮಾವ ರಾತ್ರಿ ಹೊತ್ತು ನಾಲೆ ಏರಿ ಮೇಲೆ ಓಡಾಡೋಕೆ ಶುರು ಮಾಡಿದ. ತೂಬಿನ ಹತ್ತಿರ ಯಾರೋ ತನ್ನ ಹೆಸರು ಹಿಡಿದು ಕರೀತಾರೆ ಅಂದ. ನಾಲೇಲಿ ನೀರು ನಿಂತಿರೋದು ತನ್ನಿಂದಲೇ, ಊರವರಿಗೆಲ್ಲಾ ಗೊತ್ತಿದೆ, ಯಾರೂ ಬಾಯಿ ಬಿಡ್ತಿಲ್ಲ ಅಂದ. ಬರಗಾಲದಿಂದ ಕಾಯಿಲೆ ಬಂತು ಅಂತ ನಾನು ಹೇಳ್ತಿಲ್ಲ. ಮಾತ್ರೆ ಬಿಟ್ಟು ಆಗಲೇ ಎಷ್ಟೋ ತಿಂಗಳಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ನವೆಂಬರಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು.

ಇಪ್ಪತ್ತೆರಡು ದಿನ ಆದ ಮೇಲೆ ಡಿಸ್ಚಾರ್ಜ್. ಆಸ್ಪತ್ರೆ ಯಾವುದು ಅನ್ನೋದು ಬೇಡ, ಒಳಗೆ ಚೆನ್ನಾಗೇ ನೋಡಿಕೊಂಡರು. ಹೊರಗೆ ಕಳಿಸಿದ ರೀತಿ ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಂಗ್ಲಿಷಿನಲ್ಲಿ ಒಂದೂವರೆ ಪುಟದ ಸಮ್ಮರಿ, ಒಂದು ಕವರ್ ಮಾತ್ರೆ, "ಹದಿನೈದು ದಿನ ಬಿಟ್ಟು ಬನ್ನಿ" ಅನ್ನೋ ಮಾತು. ಎಲ್ಲಾ ಸೇರಿ ನಾಲ್ಕು ನಿಮಿಷ ಆಗಿರಬಹುದು. ಅತ್ತೆ "ಗದ್ದೆಗೆ ಹೋಗ್ಬೋದಾ ಸಾರ್?" ಅಂದಳು. ಮುಂದಿನ ಪೇಷೆಂಟ್ ಆಗಲೇ ಒಳಗೆ ಬಂದಿದ್ದರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 98ನೇ ಕಲಂ ಇದರ ಬಗ್ಗೆಯೇ ಇದೆ. ಮನೆಗೆ ಕಳಿಸುವ ಮುಂಚೆ ಡಾಕ್ಟರು ಪೇಷೆಂಟ್ ಜೊತೆ, ಮನೆಯಲ್ಲಿ ನೋಡಿಕೊಳ್ಳುವವರ ಜೊತೆ ಕೂತು ಮುಂದಿನ ಚಿಕಿತ್ಸೆ ಹೇಗೆ ಅಂತ ಒಂದು ಯೋಜನೆ ಮಾಡಬೇಕು. ನಾನು ಇದನ್ನ ಓದಿದ್ದು ಎಲ್ಲಾ ಆದಮೇಲೆ. ಓದಿದ್ರೂ ಆ ನಾಲ್ಕು ನಿಮಿಷದಲ್ಲಿ ಕೇಳೋಕೆ ಧೈರ್ಯ ಬರ್ತಿತ್ತಾ, ಗೊತ್ತಿಲ್ಲ.

ವಾರ್ಡಿನಲ್ಲಿರುವಾಗಲೇ ಅಪಾಯ ಜಾಸ್ತಿ ಅಂತ ನಾವು ಅಂದುಕೊಳ್ತೀವಿ. ಅದು ತಪ್ಪು. ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳೋದು ಒಂದೇ ಮಾತು: ಮನೋರೋಗ ವಾರ್ಡಿನಿಂದ ಬಿಡುಗಡೆಯಾದ ಮೊದಲ ಮೂರು ತಿಂಗಳಲ್ಲಿ, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ, ಜೀವ ತೆಗೆದುಕೊಳ್ಳುವವರ ಪ್ರಮಾಣ ತುಂಬಾ ಹೆಚ್ಚು. ಯಾಕೆ ಅಂತ ಮಾವ ಮನೆಗೆ ಬಂದ ಮೊದಲ ವಾರವೇ ನನಗೆ ಸ್ವಲ್ಪ ಅರ್ಥ ಆಯ್ತು. ನೋಡೋಕೆ ಬಂದವರು ಅವನ ಎದುರಿಗೇ ಅತ್ತೆಯನ್ನ "ಈಗ ಸರಿ ಹೋದ್ನಾ?" ಅಂತ ಕೇಳ್ತಿದ್ರು. ಆಲೆಮನೆಯವರು "ಇನ್ನೊಂದಷ್ಟು ದಿನ ರೆಸ್ಟ್ ತಗೊಳಪ್ಪ" ಅಂದು ಬೇರೆಯವನನ್ನ ಪಾಕಕ್ಕೆ ಹಾಕಿಕೊಂಡಿದ್ರು. ಅತ್ತೆ ಮಚ್ಚು, ಕುಡುಗೋಲು ಎತ್ತಿ ಅಟ್ಟದ ಮೇಲಿಟ್ಟಳು. ಮಾವ ನೋಡಿದ. ಏನೂ ಅನ್ನಲಿಲ್ಲ.

ಇನ್ನು ನನ್ನ ಘನಕಾರ್ಯ.

ಬೆಂಗಳೂರಿನಿಂದ ವಾರ ವಾರ ಹೋಗೋಕಾಗಲ್ಲ, ಆದ್ರೆ ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ! ನನ್ನ ಹತ್ತಿರ ಒಂದು ಹಳೇ ಆಂಡ್ರಾಯ್ಡ್ ಫೋನಿತ್ತು. ಒಂದು ಹೊಸ ಸಿಮ್ ಹಾಕಿ, ಚಿಕ್ಕ ಸ್ಕ್ರಿಪ್ಟ್ ಬರೆದು ರೂಮಿನ ಕಿಟಕೀಲಿ ಚಾರ್ಜಿಗಿಟ್ಟೆ. ದಿನಾ ರಾತ್ರಿ ಎಂಟೂವರೆಗೆ ಮಾವನಿಗೆ ಮೆಸೇಜ್: ಮಾತ್ರೆ ತೆಗೆದುಕೊಂಡಿದ್ದರೆ 1, ಇಲ್ಲವಾದರೆ 2 ಕಳುಹಿಸಿ. ಬಂದ ಉತ್ತರ ನೇರ ಒಂದು ಶೀಟಿಗೆ. 1 ಬಂದ್ರೆ ಹಸಿರು, 2 ಬಂದ್ರೆ ಕೆಂಪು, ಬರದೇ ಇದ್ರೆ ಹಳದಿ. ಆಫೀಸಿನಲ್ಲಿ ಪಕ್ಕದವನಿಗೆ ತೋರಿಸಿ ಬೀಗಿದ್ದೂ ಉಂಟು. ಜನವರಿ ಪೂರ್ತಿ ಶೀಟು ಹಸಿರೋ ಹಸಿರು, ನಾಲೇಲಿ ನೀರು ಬಿಟ್ಟ ವರ್ಷದ ಗದ್ದೆ ಥರ.

ಮಾಡಿದ ತಪ್ಪೇನು ಅಂದ್ರೆ, ಅತ್ತೆಗೆ ಹೇಳಿದ್ದೆ, ಮಾವನಿಗೆ ಹೇಳಿರಲಿಲ್ಲ. ಅಕ್ಕನ ಮಗ ನನ್ನ ಮೇಲೆ ಕಾವಲು ಹಾಕಿದಾನೆ ಅಂತ ಬೇಜಾರಾಗುತ್ತೇನೋ ಅಂತ. ಆಸ್ಪತ್ರೆಯಿಂದ ಬರ್ತಿರೋ ಮೆಸೇಜ್ ಅಂದುಕೊಳ್ಳಲಿ ಅಂತ.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಅತ್ತೆ ಫೋನ್ ಮಾಡಿದಳು. ಹಸುವಿಗೆ ಬೂಸಾ ಕಲಸೋಕೆ ಡಬ್ಬಕ್ಕೆ ಕೈ ಹಾಕಿದರೆ ಮಾತ್ರೆ ಸಿಕ್ಕಿದವಂತೆ. ಒಂದೊಂದಾಗಿ ಎಣಿಸಿದಾಳೆ, ಮೂವತ್ತೊಂದು. ಮಾವ ಹಿಂದಿನ ರಾತ್ರಿಯೇ ಮೊಬೈಲನ್ನ ನಾಲೆಗೆ ಎಸೆದು ಬಂದಿದ್ದ. ನಾನು ಬಸ್ ಹಿಡಿದು ಹೋಗುವಷ್ಟರಲ್ಲಿ ಮೂಲೇಲಿ ಕಂಬಳಿ ಹೊದ್ದು ಕೂತಿದ್ದ. ಹೊಸ ನಂಬರಿನ ಮೆಸೇಜುಗಳ ಬಗ್ಗೆ ಕೇಳಿದ್ರೆ, ತುಂಬಾ ಹೊತ್ತಿನ ಮೇಲೆ ಹೇಳಿದ: "ಯಾವನೋ ಒಬ್ಬ ನಾನೇನ್ ನುಂಗ್ತೀನಿ ಅಂತ ದಿನಾ ರಾತ್ರಿ ಕೇಳ್ತಾನೆ ಕಣ್ಲಾ. ಹೆಸ್ರು ಹೇಳಲ್ಲ. ಒಂದು ಒತ್ತುದ್ರೆ ಸುಮ್ಕಾಯ್ತಾನೆ."

ಯಾರೋ ನನ್ನ ಮೇಲೆ ಕಣ್ಣಿಟ್ಟಿದಾರೆ ಅನ್ನೋದೇ ಕಾಯಿಲೆಯಾಗಿರೋ ಮನುಷ್ಯನಿಗೆ, ನಿಜವಾಗಲೂ ಒಬ್ಬ ಕಣ್ಣಿಡುವವನನ್ನ ನಾನೇ ತಯಾರು ಮಾಡಿ ಕಳಿಸಿದ್ದೆ. ಶೀಟು ಕೊನೇ ದಿನದ ತನಕ ಹಸಿರಾಗೇ ಇತ್ತು.

ಮತ್ತೆ ಆಸ್ಪತ್ರೆ. ಈ ಸಲ ಹದಿನಾರು ದಿನ. ಮಾರ್ಚಿನಲ್ಲಿ ಡಿಸ್ಚಾರ್ಜ್ ದಿನ ಔಷಧಿ ಕೌಂಟರಿನ ಮುಂದೆ ಬೆಂಚಿನ ಮೇಲೆ ಕೂತಿದ್ವಿ. ಪಕ್ಕದಲ್ಲಿ ಐವತ್ತು ಮುಟ್ಟುತ್ತಿದ್ದ ಒಬ್ಬರು, ಇಸ್ತ್ರಿ ಮಾಡಿದ ಶರ್ಟು, ಕುತ್ತಿಗೆಗೆ ಟೇಪು. (ಆಸ್ಪತ್ರೆಗೂ ಟೇಪ್ ಹಾಕಿಕೊಂಡು ಬಂದಿದ್ರು!) ಚಿನಕುರಳಿ ಕಡೆಯವರು, ಟೈಲರ್. ತಿಂಗಳಿಗೊಂದು ಇಂಜೆಕ್ಷನ್‌ಗೆ ಬಂದಿದ್ದರು. ಮಾವನ ಕೈಯಲ್ಲಿದ್ದ ಕವರ್ ನೋಡಿ ಕೇಳಿದರು, "ಎಷ್ಟನೇ ಸಲ?"

"ಎಲ್ಡು."

"ನಂದು ನಾಕಾದೊ. ಕೊನೇದಾಗಿ ಹನ್ನೊಂದು ವರ್ಷ ಆಯ್ತು."

ಮಾವ ತಲೆ ಎತ್ತಿ ಅವರನ್ನ ನೋಡಿದ. ಎರಡು ಅಡ್ಮಿಷನ್‌ನಲ್ಲಿ ಯಾರ ಮುಖವನ್ನೂ ಅವನು ಹಾಗೆ ನೋಡಿದ್ದು ನಾನು ಕಂಡಿರಲಿಲ್ಲ. ಆಮೇಲೆ ಇಬ್ಬರೂ ಕಾಯಿಲೆ ವಿಷಯ ಬಿಟ್ಟು, ಕಟ್ಟೇಲಿ ನೀರೆಷ್ಟು, ಈ ಬೇಸಿಗೇಲಿ ಒಂದು ಕಟ್ಟಾದ್ರೂ ನೀರು ಬಿಡ್ತಾರಾ ಅಂತ ಮಾತಾಡಿದರು. ಎದ್ದು ಹೋಗುವಾಗ ಟೈಲರಣ್ಣ ನಂಬರ್ ಕೇಳಿದರು. "ಬೆಳಗ್ಗೆ ಪೇಪರಲ್ಲಿ ಲೆವೆಲ್ ನೋಡ್ತೀನಲ್ಲ, ನಿಮ್ಗೂ ಹಾಕ್ತೀನಿ. ನೋಡಿದ್ಮೇಲೆ ನೀವೂ ಏನಾದ್ರೂ ಹಾಕಿ. ಹತ್ತು ಗಂಟೆ ತಂಕ ಏನೂ ಬರ್ಲಿಲ್ಲ ಅಂದ್ರೆ ಫೋನ್ ಮಾಡ್ತೀನಿ. ಎತ್ಲಿಲ್ಲ ಅಂದ್ರೆ ನಿಮ್ಮನೆಯವ್ರಿಗೆ ಮಾಡ್ತೀನಿ. ಆಗ್ಬೋದಾ?" ಮಾವನನ್ನೇ ಕೇಳಿದರು, ಅತ್ತೆಯನ್ನಲ್ಲ, ನನ್ನನ್ನಂತೂ ಅಲ್ಲವೇ ಅಲ್ಲ. ಮಾವ "ಆಯ್ತು" ಅಂದ.

ಮಂಡ್ಯ ಕಡೆಯವರಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಬೆಳಗ್ಗೆ ಎದ್ದರೆ ಹವಾಮಾನಕ್ಕಿಂತ ಮುಂಚೆ ನೋಡೋದು ಕೆಆರ್‌ಎಸ್ ಮಟ್ಟ. ಗರಿಷ್ಠ 124.80 ಅಡಿ ಅನ್ನೋದು ಮೂರನೇ ಕ್ಲಾಸಿನ ಹುಡುಗನಿಗೂ ಬಾಯಿಪಾಠ. ಇವತ್ತಿನ ಮಟ್ಟ, ಒಳಹರಿವು, ಹೊರಹರಿವು, ಹೋದ ವರ್ಷ ಇದೇ ದಿನ ಎಷ್ಟಿತ್ತು, ಇಷ್ಟೂ ಪೇಪರಿನಲ್ಲಿ ಒಂದು ಚಿಕ್ಕ ಚೌಕದಲ್ಲಿ ಬರುತ್ತೆ. ಅದನ್ನ ಕಳಿಸಿದವನು ನಿನ್ನ ಆರೋಗ್ಯ ವಿಚಾರಿಸ್ತಿದಾನೆ ಅಂತ ಯಾರಿಗೂ ಅನ್ನಿಸಲ್ಲ.

ಮಾವನಿಗೆ ಒಂದು ಕೀಪ್ಯಾಡ್ ಫೋನ್ ತೆಗೆಸಿಕೊಟ್ಟೆ. ಮಾರನೇ ದಿನದಿಂದ ಏಳೂವರೆಗೆ ಒಂದು ಸಂಖ್ಯೆ ಬರೋಕೆ ಶುರುವಾಯ್ತು. ಆ ಬೇಸಿಗೇಲಿ ಎಂಬತ್ತು ಚಿಲ್ಲರೆ ಅಡಿ, ದಿನಕ್ಕೊಂದಿಷ್ಟು ಇಳೀತಾ ಇತ್ತು. ಮಾವ ಮೊದಮೊದಲು ಬರೀ ಒಂದು ಚುಕ್ಕೆ ಒತ್ತಿ ಕಳಿಸ್ತಿದ್ದ. ಒಂದು ವಾರದ ಮೇಲೆ "ಒಳಹರಿವು?" ಅಂತ ತಿರುಗಿ ಕೇಳಿದ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟೋದು, ಅದೊಂದು ಬೇರೆ ಭಾಷೆ :) ಮೂರನೇ ವಾರ ಅವನು ಕಳಿಸಿದ್ದನ್ನ ಟೈಲರಣ್ಣ "ತಲೆ ಬರ" ಅಂತ ಓದಿಕೊಂಡು, ಈ ಬರಗಾಲ ತಲೆಗೂ ಬಂತಾ ಅಂದುಕೊಂಡು ಗಾಬರಿಯಾಗಿ ಫೋನ್ ಮಾಡಿದರಂತೆ. ಮಾವ ಬರೆದಿದ್ದು "ತಲೆ ಭಾರ".

ಆ ಫೋನ್ ಕಾಲಿನಲ್ಲಿ ಹೊರಬಂದ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಮಾತ್ರೆ ತಗೊಂಡ್ರೆ ಬೆಳಗಿನ ಜಾವ ಅವನಿಗೆ ಕಣ್ಣು ಬಿಡೋಕೆ ಆಗ್ತಿರಲಿಲ್ಲ. ಆಲೆಮನೆ ಕೆಲಸ ಶುರುವಾಗೋದೇ ಮೂರು, ನಾಲ್ಕು ಗಂಟೆಗೆ. ಕುದಿಯೋ ಕೊಪ್ಪರಿಗೆ ಅಂಚಲ್ಲಿ ನಿಂತು ತೂಕಡಿಸಿದ್ರೆ ಏನಾಗುತ್ತೆ? ಮೊದಲ ಸಲ ಮಾತ್ರೆ ಬಿಟ್ಟಿದ್ದೂ ಅದಕ್ಕೇ, ಒಂದು ದಿನ ಕಾಲು ಜಾರಿ ಸ್ವಲ್ಪದರಲ್ಲಿ ಉಳಕೊಂಡಿದ್ದನಂತೆ. ಡಾಕ್ಟರಿಗೆ ಹೇಳಿರಲಿಲ್ಲ. ಅವರು ಕೇಳಿದ್ದು ನಿದ್ದೆ ಚೆನ್ನಾಗಿ ಬರ್ತಿದೆಯಾ ಅಂತ. ಚೆನ್ನಾಗಿ ಬರ್ತಿತ್ತಲ್ಲ! ನಾನು ಕೇಳಿದ್ದು ಒಂದಾ, ಎರಡಾ ಅಂತ.

ಟೈಲರಣ್ಣ ಹೇಳಿದ್ದು ಇಷ್ಟೇ: "ನನ್ಗೂ ಹಂಗೇ ಆಯ್ತಿತ್ತು, ಸೂಜಿ ಬೆಳ್ಳಿಗೆ ಹಾಕೊಂಡಿದ್ದೆ. ನೀವಾಗಿ ಬಿಡಬ್ಯಾಡಿ. ಮಂಗಳವಾರ ಹೋಗಿ ಡಾಕ್ಟರ್ ಮುಂದೆ ಕೊಪ್ಪರಿಗೆ ಇಸ್ಯ ಹೇಳಿ." ಕರ್ನಾಟಕದಲ್ಲಿ 2014ರಲ್ಲಿ ಶುರುವಾದ ಮನೋಚೈತನ್ಯ ಅನ್ನೋ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಡಿದೆ. ಮಾವ ಹೋದ, ಹೇಳಿದ. ಡಾಕ್ಟರು ಮಾತ್ರೆಯ ಪ್ರಮಾಣ, ತಗೊಳ್ಳೋ ಹೊತ್ತು ಎರಡನ್ನೂ ಬದಲಿಸಿದರು. ಮೊದಲ ಒಂದು ತಿಂಗಳು ಸರಿ ಹೊಂದಲಿಲ್ಲ, ಮತ್ತೆ ಬದಲಿಸಿದರು. ಜೂನ್ ಹೊತ್ತಿಗೆ ಮಾವ ಮತ್ತೆ ಆಲೆಮನೆಗೆ ಹೋಗೋಕೆ ಶುರು ಮಾಡಿದ, ಪಾಕಕ್ಕಲ್ಲ, ಬೆಲ್ಲ ಅಚ್ಚಿಗೆ ಹಾಕೋ ಕೆಲಸಕ್ಕೆ. ಪಾಕ ವಾಪಸ್ ಸಿಕ್ಕಿದ್ದು ದೀಪಾವಳಿ ಆದಮೇಲೆ.

ನನಗೆ ಮಾತ್ರ ನನ್ನ ಸ್ಕ್ರಿಪ್ಟ್ ಯಾಕೆ ಕೆಟ್ಟಿತು ಅನ್ನೋದು ತಲೆಯಿಂದ ಹೋಗಲಿಲ್ಲ (ಕಸುಬಿನ ಚಟ). ಹುಡುಕಿ ಓದಿದೆ. ಫಿನ್‌ಲೆಂಡಿನಲ್ಲಿ ಮನೋರೋಗ ಆಸ್ಪತ್ರೆಯಿಂದ ಮನೆಗೆ ಹೋಗುವವರಿಗೆ ಒಂದು ವರ್ಷ ಮೊಬೈಲ್ ಮೆಸೇಜ್ ಕಳಿಸಿ ನೋಡಿದಾರೆ. ಸಾವಿರದ ಮೇಲೆ ಜನ. ಮೆಸೇಜುಗಳನ್ನ ಅವರವರೇ ಆರಿಸಿಕೊಂಡಿದ್ದು, ನನ್ನ ಥರ ಕದ್ದು ಕಳಿಸಿದ್ದಲ್ಲ. ಆದ್ರೂ 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಮತ್ತೆ ಆಸ್ಪತ್ರೆ ಸೇರುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಓದಿ ಸ್ವಲ್ಪ ಸಮಾಧಾನ ಆಯ್ತು, ಅವರದ್ದೂ ಕೆಟ್ಟಿತಲ್ಲ ಅಂತ.

ಇನ್ನೊಂದು, ಮೊಬೈಲ್ ಹುಟ್ಟುವ ಮುಂಚಿನದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೋಟೋ ಅನ್ನೋ ಮನೋವೈದ್ಯರಿದ್ದರು. ಖಿನ್ನತೆಯಿಂದಲೋ ಸಾಯುವ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಹೊರಗೆ ಬಂದಮೇಲೆ ಚಿಕಿತ್ಸೆ ಬೇಡ ಅಂದ 843 ಜನರಲ್ಲಿ ಒಂದು ಗುಂಪಿಗೆ ಅವರು ಐದು ವರ್ಷ ಕಾಗದ ಬರೆಸಿದರು. ಎರಡು ಮೂರು ಸಾಲಿನ ಕಾಗದ. ಮಾತ್ರೆ ತಗೊಂಡ್ರಾ ಅಂತಿಲ್ಲ, ಬಂದು ಕಾಣಿ ಅಂತಿಲ್ಲ, ನಿಮ್ಮ ನೆನಪಿದೆ ಅನ್ನೋ ಅರ್ಥದ್ದು ಅಷ್ಟೇ. ಬರೆಯುತ್ತಿದ್ದವರು ಆಸ್ಪತ್ರೆಯಲ್ಲಿ ಅವರ ಎದುರು ಕೂತು ಮಾತಾಡಿಸಿದ್ದವರೇ. ಕಾಗದ ಹೋದ ಗುಂಪಿನಲ್ಲಿ ಆತ್ಮಹತ್ಯೆ ಕಡಿಮೆಯಾಗಿತ್ತು, ಮೊದಲ ಎರಡು ವರ್ಷ ಎದ್ದು ಕಾಣುವಷ್ಟು. ಆ ವರದಿ 2001ರಲ್ಲಿ ಬಂತು.

ಇಂಗ್ಲೆಂಡಿನದು 2018ರ ಲ್ಯಾನ್ಸೆಟ್ ಪತ್ರಿಕೆಯಲ್ಲಿದೆ. ತೀವ್ರ ಹಂತದ ಚಿಕಿತ್ಸೆ ಮುಗಿಸಿದ 441 ಜನ. ಎಲ್ಲರಿಗೂ ಒಂದೇ ಪುಸ್ತಕ, ಮತ್ತೆ ಕೆಡದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ ತಾವೇ ತುಂಬಿಸಿಕೊಳ್ಳುವಂಥದ್ದು. ಅರ್ಧ ಜನಕ್ಕೆ ಅದು ಅಂಚೆಯಲ್ಲಿ ಹೋಯ್ತು. ಇನ್ನರ್ಧ ಜನಕ್ಕೆ ಅದರ ಜೊತೆ ಒಬ್ಬ ಸಮದುಃಖಿ, ಅಂದ್ರೆ ಅದೇ ಹಾದಿ ನಡೆದು ಬಂದವರು, ಹೆಚ್ಚೆಂದರೆ ಹತ್ತು ಸಲ ಬಂದು ಪಕ್ಕದಲ್ಲಿ ಕೂತರು. ವರ್ಷದೊಳಗೆ ಮತ್ತೆ ತೀವ್ರ ಚಿಕಿತ್ಸೆಗೆ ಬಂದವರು ಅಂಚೆ ಗುಂಪಿನಲ್ಲಿ ನೂರಕ್ಕೆ 38, ಪಕ್ಕದಲ್ಲಿ ಕೂತ ಗುಂಪಿನಲ್ಲಿ 29. ಅಂದ್ರೆ ಜೊತೆ ಸಿಕ್ಕವರಲ್ಲೂ ಸುಮಾರು ಮೂರರಲ್ಲೊಬ್ಬರು ವಾಪಸ್ ಬಂದೇ ಬಂದರು, ಅದನ್ನೂ ಹೇಳಬೇಕು.

ನಮ್ಮಲ್ಲೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಮೇಲೆ ನಮ್ಮ ನಾಗಮಂಗಲಕ್ಕೆ ಹೊಂದಿಕೊಂಡ ತುರುವೇಕೆರೆಯಲ್ಲಿ, ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಇಂಥ ರೋಗಿಗಳನ್ನ ಊರಲ್ಲೇ ಹುಡುಕಿ, ಬಿಡದೆ ಬೆನ್ನು ಹಿಡಿದು ಚಿಕಿತ್ಸೆ ಕೊಟ್ಟಿದಾರೆ. ಬರದಿದ್ರೆ ಫೋನು, ಮನೆ ಭೇಟಿ, ಆಶಾ ಕಾರ್ಯಕರ್ತೆಯರ ಸಹಾಯ. ಟೆಲಿ ಮಾನಸ್ ಅಂತ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ಹಗಲೂ ರಾತ್ರಿ, ಕನ್ನಡದಲ್ಲೂ ಮಾತಾಡ್ತಾರೆ. ಅತ್ತೆ ಈಗ ಅದನ್ನ ಅಡುಗೆಮನೆ ಗೋಡೆ ಮೇಲೆ ಮಸಿಯಲ್ಲಿ ಬರೆದಿಟ್ಟಿದಾಳೆ, ಗ್ಯಾಸಿನವನ ನಂಬರ್ ಕೆಳಗೆ. ಒಂದು ಸಲ ಮಧ್ಯರಾತ್ರಿ ಬಳಸಿಯೂ ಇದಾಳೆ.

2024ರ ಜುಲೈ ಕೊನೆಗೆ ಕಟ್ಟೆ ತುಂಬಿತು. ಆ ದಿನ ಮಾವನಿಗೆ ಬಂದ ಮೆಸೇಜಿನಲ್ಲಿ ಸಂಖ್ಯೆಯೇ ಇರಲಿಲ್ಲ, ಬರೀ "ಬನ್ನಿ" ಅಂತಿತ್ತು. ಇಬ್ಬರೂ ಕೆಆರ್‌ಎಸ್‌ಗೆ ಹೋಗಿ ನೀರು ಬಿಡೋದನ್ನ ದೂರದಿಂದ ನೋಡಿಕೊಂಡು, ಮೀನು ತಿಂದು ಬಂದ್ರು.

ಟೈಲರಣ್ಣನ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ, ನಿಜ ಹೇಳಬೇಕಂದ್ರೆ. ಗಟ್ಟಿ ಇದ್ದವರು, ಹನ್ನೊಂದು ವರ್ಷ ದಾಟಿದವರು, ಕೊಡುವವರು. 2025ರ ಜೂನಿನಲ್ಲೇ ಕಟ್ಟೆ ತುಂಬೋಕೆ ಬಂದಿದ್ದು ದೊಡ್ಡ ಸುದ್ದಿ ಆಯ್ತಲ್ಲ, ಜೂನ್ 30ಕ್ಕೆ ಮುಖ್ಯಮಂತ್ರಿಗಳು ಬಾಗಿನ ಕೊಟ್ಟರು. ಊರವರೆಲ್ಲಾ ಲೆವೆಲ್ ಫಾರ್ವರ್ಡ್ ಮಾಡ್ತಿದ್ದ ಆ ವಾರದಲ್ಲಿ ಒಂದು ಬೆಳಗ್ಗೆ ಟೈಲರಣ್ಣನಿಂದ ಏನೂ ಬರಲಿಲ್ಲ. ಮಾವ ಹತ್ತು ಗಂಟೆ ತನಕ ಕಾದ. ಫೋನ್ ಮಾಡಿದ, ಸ್ವಿಚ್ ಆಫ್. ಅವರ ಮನೆಯವರ ನಂಬರ್ ಇವನ ಹತ್ರ ಇರಲಿಲ್ಲ. ಒಂದೂಕಾಲು ವರ್ಷದಲ್ಲಿ ಅದನ್ನ ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಲೆಮನೇಲಿ ಹೇಳಿ, ಕೆ.ಆರ್. ಪೇಟೆ ಬಸ್ ಹತ್ತಿ ಮಾವ ಚಿನಕುರಳಿಯಲ್ಲಿ ಇಳಿದ. ಅಂಗಡಿ ಬಾಗಿಲು ಹಾಕಿತ್ತು. ಕೇಳಿಕೊಂಡು ಮನೆಗೆ ಹೋದ್ರೆ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮೂರು ರಾತ್ರಿಯಿಂದ ನಿದ್ದೆ ಇಲ್ಲ ಅಂತ ಅವರ ಹೆಂಡತಿ ಹೇಳಿದರು. ಮಗಳ ಮದುವೆ ಸಾಲದ ಓಡಾಟದಲ್ಲಿ ಎರಡು ತಿಂಗಳು ಇಂಜೆಕ್ಷನ್ ತಪ್ಪಿತ್ತಂತೆ. ಮಾವ ಏನು ಮಾತಾಡಿದ ಅಂತ ಕೇಳಿದೆ. "ಏನ್ ಮಾತಾಡದು? ಕೂತ್ಕಂಡಿದ್ದೆ. ಲೆವೆಲ್ ಹೇಳ್ದೆ. ಸಂಜೆ ತಂಕ ಕೂತಿದ್ದು, ಬೆಳಗ್ಗೆ ಆಟೋ ಮಾಡ್ಕಂಡು ಆಸ್ಪತ್ರೆಗೆ ಹೋದೊ" ಅಂದ. ಒಳಗೆ ಸೇರಿಸುವಷ್ಟು ಆಗಿರಲಿಲ್ಲ. ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು ಕಳಿಸಿದರು. ಆಮೇಲೆ ಒಂದು ತಿಂಗಳು ಲೆವೆಲ್ ಕಳಿಸಿದ್ದು ಮಾವ, ಚುಕ್ಕೆ ಒತ್ತಿದ್ದು ಟೈಲರಣ್ಣ.

ಈಗ ಮೂರನೆಯವರೊಬ್ಬರು ಸೇರಿಕೊಂಡಿದಾರೆ, ನಾಗಮಂಗಲ ಕಡೆಯ ಹೆಣ್ಣುಮಗಳು, ಅವರಿಗೆ ಕಳಿಸೋದು ಅತ್ತೆಯ ಫೋನಿಂದ. ಮೂವರ ಮನೆಯವರ ನಂಬರೂ ಒಂದು ಕ್ಯಾಲೆಂಡರ್ ಹಿಂದೆ ಬರೆದಿದೆ. ಇದಕ್ಕೊಂದು ಆ್ಯಪ್ ಮಾಡಬಹುದಲ್ವಾ ಅಂತ ಸ್ನೇಹಿತನೊಬ್ಬ ಕೇಳಿದ. ನಾನು ಮಾತು ಬದಲಿಸಿದೆ.

ಮೊನ್ನೆ ಮಾವ ಫೋನ್ ಮಾಡಿದ್ದ. "ಲೋ, ಆ ನಿನ್ ಹಳೇ ಫೋನ್ ಐತೇನ್ಲಾ, ನನ್ಗೆ ಮೆಸೇಜ್ ಬಿಡ್ತಿದ್ದಲ್ಲ ಅದು? ಟೈಲರಣ್ಣಂದು ಚಾರ್ಜ್ ನಿಲ್ತಿಲ್ಲ." ಡ್ರಾಯರಿನಲ್ಲೇ ಇತ್ತು. ಸ್ಕ್ರಿಪ್ಟ್ ಅಳಿಸಿ, ಎಲ್ಲಾ ಕ್ಲೀನ್ ಮಾಡಿಟ್ಟಿದೀನಿ. ಶನಿವಾರ ಹೋಗುವಾಗ ತಗೊಂಡು ಹೋಗಬೇಕು. ಚಾರ್ಜರ್ ಮಾತ್ರ ಹೊಸದು ತಗೋಬೇಕು, ಹಳೇದು ಕಿಟಕೀಲಿ ಬಿಸಿಲಿಗೆ ಬೆಂದುಹೋಗಿದೆ.